ನೂರು ಫೀಲ್ಡ್

ಇಲ್ಲ ಎನ್ನಲು ನೂರು ಬೇಕು,
ಉಂಟು ಎನ್ನಲು ಒಂದೇ ಸಾಕು.
ಹದಿನೇಳು ವರ್ಷದಲ್ಲಿ ನಾನು ಕಲಿತದ್ದು ಇಷ್ಟೆ.
ಬಂದರಿನ ಆರೋಗ್ಯ ಕೇಂದ್ರ, ಹಿಂದಿನ ಕೋಣೆ,
ಒಂದು ಸೂಕ್ಷ್ಮದರ್ಶಕ, ಒಂದು ಬಾಟಲಿ ಎಣ್ಣೆ,
ಕಿಟಕಿಯಾಚೆ ಒಣಮೀನಿನ ವಾಸನೆ.
ಗಾಜಿಗೆ ಅಂಟಿದ ಒಂದೇ ಹನಿ ರಕ್ತವನ್ನು
ನೂರು ತಾಕು ಮಾಡಿ, ಒಂದೊಂದನ್ನೂ
ಕಣ್ಣಲ್ಲಿ ನಡೆದು ದಾಟಬೇಕು.
ತೊಂಬತ್ತೊಂಬತ್ತಕ್ಕೆ ಎದ್ದು ಚಾ ಕುಡಿಯಲು ಹೋದವರ
ಕತೆ ಬೇಡ.

ಹನ್ನೆರಡೂವರೆಯ ಫೆರಿಯಲ್ಲಿ
ಬೆಂಗ್ರೆಯಿಂದ ಜಲಜಾ ಕರ್ಕೇರ ಬರುತ್ತಾಳೆ,
ಗುಲಾಬಿ ಸೀರೆ ಮೊಣಕಾಲವರೆಗೆ ಒದ್ದೆ,
ಬಿಸ್ಕತ್ತಿನ ಡಬ್ಬಿಯಲ್ಲಿ ಮೂವತ್ತು ಮನೆಯ ಬೆರಳು.
ಬಾಗಿಲಲ್ಲಿ ನಿಂತು ಅವಳು ಕೇಳುವುದು ಒಂದನ್ನೇ,
ನಾಲಗೆ ಮಾತ್ರ ಮನೆಗೊಂದು:
ಜ್ವರ ಉಂಡಾ, ಪನಿ ಉಂಡಾ, ತಾಪ್ ಆಸಾ, ಬುಖಾರ್ ಹೈ ಕ್ಯಾ.
ಬ್ಯಾರಿಯಲ್ಲಿ ಪನಿ ಎಂದರೆ ಜ್ವರ,
ತುಳುವಿನಲ್ಲಿ ಪನಿ ಎಂದರೆ ತುಂತುರು.
‘ಆಟಿ ತಿಂಗಳಲ್ಲಿ ಎರಡೂ ಒಂದೇ’ ಎಂದು
ಅವಳೇ ಹೇಳಿ, ಅವಳೇ ನಗುತ್ತಾಳೆ.

ಜುಲೈ ಎಂಟು. ಸ್ಲೈಡ್ ನಾನೂರ ಹದಿಮೂರು.
ಸೋಮಾಯ್ ಹೆಂಬ್ರಮ್, ಗಂಡು, ಇಪ್ಪತ್ತೆರಡು.
ನಲವತ್ತೊಂದನೇ ಫೀಲ್ಡಿನಲ್ಲಿ ಮೂಗುತಿ.
ಸಣ್ಣ ನೀಲಿ ಸುತ್ತು, ಅಂಚಿಗೊಂದು ಕೆಂಪು ಹರಳು,
ಯಾರದೋ ಮದುವೆಗೆ ಹೊರಟ ಹಾಗೆ.
ಇಷ್ಟು ಚೆಂದದ್ದು ಕೆಡುಕು ಮಾಡೀತೆಂದು
ಮೊದಲ ವರ್ಷ ನನಗೆ ನಂಬಲಾಗಿರಲಿಲ್ಲ.

ಶೀಟಿನ ಕೋಣೆಯಲ್ಲಿ ಒಂಬತ್ತು ಜನರ ನಡುವೆ ಮಲಗುವವನು,
ಹಗಲಿಗೆ ಹೊಳೆ ದಾಟಿ, ಬಿಜೈಯ ಹದಿಮೂರನೇ ಮಹಡಿಯಲ್ಲಿ
ಸ್ಲ್ಯಾಬಿಗೆ ನೀರು ಕಟ್ಟುವವನು.
ಸಿಮೆಂಟು ಗಟ್ಟಿಯಾಗಲು ನೀರು ಹದಿನಾಲ್ಕು ದಿನ ನಿಲ್ಲಬೇಕು,
ರಕ್ತ ತೊಳೆಯಲು ಗುಳಿಗೆ ಹದಿನಾಲ್ಕು ದಿನ ನುಂಗಬೇಕು.
ಗುತ್ತಿಗೆದಾರನಿಗೆ ಮೊದಲಿನ ಲೆಕ್ಕ ಮಾತ್ರ ಬರುತ್ತದೆ.

ಒಂಬತ್ತನೇ ದಿನ ಆಳುಗಳನ್ನೆಲ್ಲ ಟೆಂಪೋ ಹತ್ತಿಸಿ
ಸುರತ್ಕಲ್ಲಿಗೆ ಸಾಗಿಸಿದರು.
ಸುರತ್ಕಲ್ ಜಲಜಳ ಏರಿಯಾ ಅಲ್ಲ.
ಐದು ಗುಳಿಗೆ ಪೇಪರಿನಲ್ಲಿ ಕಟ್ಟಿಕೊಂಡು
ಬಸ್ಸಿನಲ್ಲಿ ನಿಂತೇ ಹೋದಳು.
ಒಂದನ್ನು ಎದುರೇ ನುಂಗಿಸಿದಳು.
ಉಳಿದ ನಾಲ್ಕು ರಾತ್ರಿ ಫೋನಿನಲ್ಲಿ:
‘ಖಾನಾ ಆಯ್ತಾ? ಮೊದಲು ಖಾನಾ.
ಈಗ ಬಾಯಿ ತೆರೆ. ನಾಲಗೆ ಎತ್ತು.’
ಅವನ ದವಡೆ, ಹಿಂದೆ ಒಂದು ಬಲ್ಬು,
ಪಕ್ಕದಲ್ಲಿ ಇಣುಕುವ ಎಂಟು ಮುಖ.
ರಿಜಿಸ್ಟರಿನಲ್ಲಿ ಇದಕ್ಕೆಲ್ಲ ಸೇರಿ
ಎರಡಕ್ಷರದ ಜಾಗ: ಪೂರ್ಣ.

ಕಳೆದ ಶುಕ್ರವಾರ ಲಾರ್ವಾ ಸಮೀಕ್ಷೆ,
ಅವಳನ್ನು ಹಾಕಿದ್ದು ಜೆಪ್ಪುವಿಗೆ, ನಮ್ಮದೇ ಓಣಿಗೆ.
ಟ್ಯಾಂಕಿನ ಮುಚ್ಚಳ ಸರಿ. ಬಾವಿಗೆ ಬಲೆ ಸರಿ, ಗಪ್ಪಿ ಮೀನೂ ಉಂಟು.
ನಾನು ಶರಬತ್ತು ಕಲಸುತ್ತಾ ಸ್ವಲ್ಪ ಬೀಗುತ್ತಿದ್ದೆ.
ಅಲ್ತಾರಿನ ಪಕ್ಕದ ಮನಿಪ್ಲಾಂಟಿನ ಬಾಟಲಿಯನ್ನು
ಅವಳು ಬೆಳಕಿಗೆ ಎತ್ತಿ ಹಿಡಿದಳು.
‘ಅಡ್ಡ ಮಲಗಿದರೆ ಮಲೇರಿಯಾ,
ತಲೆಕೆಳಗೆ ನೇತಾಡಿದರೆ ಡೆಂಗಿ.
ನಿಮ್ಮವು ನೇತಾಡ್ತಾ ಉಂಟು, ಐರಿನ್ ಬಾಯಿ.’
ಬರೆದುಕೊಂಡಳು: ಮನೆ ನಂಬರು, ಯಜಮಾನಿ, ಪಾಸಿಟಿವ್.
ನನ್ನ ಹೆಸರು, ಒಂದಕ್ಷರವೂ ತಪ್ಪಿಲ್ಲದೆ.
ಆಮೇಲೆ ಗ್ಲಾಸು ತೆಗೆದುಕೊಳ್ಳುವಾಗ ನನ್ನ ಕೈ ತಾಗಿ,
‘ಮೈ ಬಿಸಿ ಉಂಟಲ್ಲ? ಎಷ್ಟು ದಿನ ಆಯ್ತು?’
ಎರಡು, ಎಂದೆ. ಮೂರಾಗಿತ್ತು.
ಬೆರಳು ಕೊಟ್ಟೆ. ಸೂಜಿಯ ಈ ಬದಿ
ಇಷ್ಟು ಚಳಿ ಇರುತ್ತದೆಂದು ಗೊತ್ತಿರಲಿಲ್ಲ.

ಮರುದಿನ ನನ್ನ ಸ್ಲೈಡನ್ನು ನಾನೇ ಓದಿದೆ.
ಬೇರೆ ಯಾರಿದ್ದಾರೆ?
ನೂರಾಯಿತು. ಇನ್ನೂ ಇಪ್ಪತ್ತು ನೋಡಿದೆ.
ಇಲ್ಲ.
ಡೆಂಗಿಗೆ ಬೇರೆ ರಕ್ತ, ಬೇರೆ ಟ್ಯೂಬು, ಅದು ವೆನ್ಲಾಕಿಗೆ ಹೋಗಿದೆ.

ಹಿಂದೆ ನಿಂತಿದ್ದವಳು ಕೇಳಿದಳು: ‘ನಾನೂ ಒಮ್ಮೆ ನೋಡ್ಲಾ?’
ಹನ್ನೊಂದು ವರ್ಷ ಈ ಡಬ್ಬಿ ಹೊತ್ತವಳು.
ನಾನು ಕರೆದಿರಲಿಲ್ಲ, ಒಮ್ಮೆಯೂ.
ಸ್ಟೂಲು ಬಿಟ್ಟುಕೊಟ್ಟೆ. ಸೆರಗು ಸಿಕ್ಕಿಸಿ,
ಒಂದು ಕಣ್ಣು ಮುಚ್ಚಿ, ಉಸಿರು ಕಟ್ಟಿ ಬಗ್ಗಿದಳು.
ಫೆರಿ ಕೂಗಿತು. ಅವಳು ಏಳಲಿಲ್ಲ.
‘ಎಂತ ಕಾಣ್ತದೆ?’
ತುಂಬ ಹೊತ್ತು ಬಿಟ್ಟು,
‘ನನ್ನದೇ ರೆಪ್ಪೆ.’