ಉಳಿದ ಮುನ್ನೂರು

ಕಾಫಿ ಹರಡಿದ ಕಣದಾಚೆ ತಗಡಿನ ಶೆಡ್ಡು.
ಬೊಳ್ಳವ್ವ ಟೀಚರು ಬೀಗ ತೆಗೆದರು.
ಮೊದಲು ಬಂದದ್ದು ನುಸಿಗುಳಿಗೆಯ ವಾಸನೆ,
ಆಮೇಲೆ ಹಳೆಯ ರಗ್ಗು, ಅದರಡಿ
ಎಪ್ಪತ್ತನಾಲ್ಕರ ಫಿಯೆಟ್, ಬೂದು ನೀಲಿ,
ಪರೀಕ್ಷೆಗೆ ಎಲ್ಲರಿಗಿಂತ ಮೊದಲು ಬಂದು
ನೆಟ್ಟಗೆ ಕೂತ ಹುಡುಗಿಯ ಹಾಗೆ.

ಮೀಟರಿನಲ್ಲಿ ಹದಿನೆಂಟು ಸಾವಿರದ ಆರುನೂರ ನಾಲ್ಕು.
ನಾನು ನಕ್ಕೆ.
ನಗದೆ ಏನು ಮಾಡಲಿ?
ಗೋಣಿಕೊಪ್ಪದ ಬೈಪಾಸಿನಲ್ಲಿ ಇಪ್ಪತ್ತಾರು ವರ್ಷ
ಮೀಟರು ಹಿಂದಕ್ಕೆ ತಿರುಗಿಸಿದ ಕೈ ಇದು.
ಮುರಿದ ಕೊಡೆಯ ಕಡ್ಡಿ ಬಗ್ಗಿಸಿ
ಒಂಬತ್ತನ್ನು ಮೂರು ಮಾಡಿದರೆ
ಗಾಡಿಗೆ ಐನೂರು ಕೊಡುತ್ತಿದ್ದರು ಬ್ರೋಕರುಗಳು.
ನಾನು ಅಳಿಸಿದ ದಾರಿಗಳನ್ನೆಲ್ಲ ಗಂಟು ಹಾಕಿದರೆ
ಭೂಮಿಗೆ ಎರಡು ಸುತ್ತು ಬಂದೀತು.

ಹಾಗಾಗಿ ಕಳ್ಳನ ಕಣ್ಣಿನಿಂದಲೇ ನೋಡಿದೆ.
ಬಟ್ಟೆ ಸುತ್ತಿದ ಅಯಸ್ಕಾಂತ ಮೈಯೆಲ್ಲ ಓಡಾಡಿತು,
ಪುಟ್ಟಿ ಇಲ್ಲ, ಎಲ್ಲ ಕಡೆ ಹಿಡಿಯಿತು.
ಕ್ಲಚ್ ಪೆಡಲಿನ ರಬ್ಬರಿನಲ್ಲಿ ಗೆರೆಗಳನ್ನು
ಇನ್ನೂ ಎಣಿಸಬಹುದು.
ಮುಂದಿನ ತ್ರಿಕೋನದ ಗಾಜು
ಬೆರಳಿಗೇ ತಿರುಗಿತು, ಕಿರ್ರೆನ್ನಲಿಲ್ಲ.
ಲಕ್ಷ ಮುಟ್ಟಿ ಸೊನ್ನೆಯಾಗಿ ಮತ್ತೆ ಎಣಿಸಿದ್ದೋ ಎಂದರೆ
ಅದಕ್ಕೂ ಸಾಕ್ಷಿ ಇಲ್ಲ.

ಟೀಚರು ಡ್ಯಾಶಿನ ಪೆಟ್ಟಿಗೆಯಿಂದ
ಒಂದು ಹಾಜರಿ ಪುಸ್ತಕ ತೆಗೆದರು.
ತಾರೀಕು, ಪೆಟ್ರೋಲು, ಕಿಲೋಮೀಟರು.
ಕರಿಹಲಗೆಯ ಮೇಲೆ ಬರೆಯುತ್ತಿದ್ದ ಅದೇ ದುಂಡು ಅಂಕಿ.
‘ಲೆಕ್ಕ ಮಾಡು ಮೊಯ್ದು’ ಅಂದರು.
ಅವರ ಐದನೇ ಕ್ಲಾಸಿನಲ್ಲಿ ಎರಡು ವರ್ಷ ಕೂತವನು ನಾನು.
ಇಲ್ಲಿಂದ ಗೋಣಿಕೊಪ್ಪದ ಬ್ಯಾಂಕಿಗೆ ನಾಲ್ಕು, ವಾಪಸು ನಾಲ್ಕು,
ವಾರಕ್ಕೊಮ್ಮೆ, ವರ್ಷಕ್ಕೆ ಐವತ್ತೆರಡು ಸಲ,
ಮೊಣಕಾಲು ಕೈಕೊಡುವ ತನಕ ನಲವತ್ತನಾಲ್ಕು ವರ್ಷ.
(ಶಾಲೆಗೆ ನಡೆದೇ ಹೋಗುತ್ತಿದ್ದರು, ನೆನಪಿದೆ.)
ಶೆಡ್ಡಿನ ಕಿಟಕಿಯ ಧೂಳಿನಲ್ಲಿ ಬೆರಳಿಂದ ಗುಣಿಸಿದೆ:
ಹದಿನೆಂಟು ಸಾವಿರದ ಮುನ್ನೂರ ನಾಲ್ಕು.
‘ಸರಿ’ ಎಂದರು,
ಇವತ್ತು ಪಾಸು ಮಾಡಿದವರ ಹಾಗೆ.

‘ಉಳಿದ ಮುನ್ನೂರು, ಟೀಚರ್?’

ಪುಸ್ತಕದಲ್ಲಿ ಒಂದು ಹಾಳೆ
ಅಂಚಿಗೆ ಸ್ಕೇಲಿಟ್ಟು ಹರಿದಿತ್ತು.
ಅವರು ಕಣದ ಕಡೆ ತಿರುಗಿ
ಹಣ್ಣು ಕೆದರುತ್ತಿದ್ದ ಆಳಿಗೆ
‘ಮೋಡ ಬರ್ತಾ ಉಂಟು, ರಾಶಿ ಮಾಡು’ ಎಂದು ಕೂಗಿದರು.
ಆಕಾಶದಲ್ಲಿ ಅಂಗೈಯಗಲ ಮೋಡವೂ ಇರಲಿಲ್ಲ.
ಆಮೇಲೆ ನನಗೆ:
‘ಅದು ಕ್ರಯಕ್ಕೆ ಸೇರಿಲ್ಲ.’

ಚೌಕಾಸಿ ಮಾಡಲಿಲ್ಲ. ದುಡ್ಡು ಎಣಿಸಿಕೊಟ್ಟೆ.
ತಂದಿದ್ದ ಬ್ಯಾಟರಿ ಕೂರಿಸಿ, ಚೋಕ್ ಎಳೆದು,
ಮೂರನೆಯ ಸಲಕ್ಕೆ ಕೆಮ್ಮಿ ಹಿಡಿಯಿತು.
ಆಳು ಹಣ್ಣು ಸರಿಸಿ ದಾರಿ ಬಿಡಿಸಿದ,
ಒಂದು ಗಾಡಿಯಗಲ, ಒಂದು ಬೆರಳು ಹೆಚ್ಚಿಲ್ಲ.
ಗೇಟು ದಾಟುವಾಗ ಕನ್ನಡಿಯಲ್ಲಿ ಕಂಡೆ:
ಖಾಲಿ ಶೆಡ್ಡಿಗೆ
ಟೀಚರು ಮತ್ತೆ ಬೀಗ ಹಾಕುತ್ತಿದ್ದರು.

ದಾರಿಯುದ್ದಕ್ಕೂ ಬಾಯಿಲೆಕ್ಕ.
ಮೈಸೂರಿಗೆ ಹೋಗಿ ಬಂದದ್ದಾದರೆ ಮುನ್ನೂರು ಹೆಚ್ಚಾಯಿತು,
ಕಲ್ಲಿಕೋಟೆಗಾದರೆ ಸ್ವಲ್ಪ ಸಾಲದು.
ಕಣ್ಣೂರಿನ ಕಡಲಿಗೆ ಒಂದೂವರೆ ಸಲ.
ಒಂದು ಸಲ ಪೂರ್ತಿ ಹೋದವರು
ಇನ್ನೊಂದು ಸಲ ಅರ್ಧದಾರಿಯಿಂದ ಯಾಕೆ ತಿರುಗುತ್ತಾರೆ?
ಎದುರು ಬಂದ ಬಸ್ಸು ಹಾರನ್ ಹೊಡೆಯಿತು.
ಸ್ಟೇರಿಂಗಿನ ಪಕ್ಕದ ಗೇರು
ಮೂರರಿಂದ ಎರಡಕ್ಕೆ ಬಂತು, ಬೆಣ್ಣೆಯಲ್ಲಿ ಚಾಕುವಿನಷ್ಟು ಸಲೀಸು.

ಬೈಪಾಸಿನಲ್ಲಿ ನಿಲ್ಲಿಸಿದ್ದೇ ತಡ
ಟಯರಂಗಡಿಯ ವರ್ಗೀಸ ತಲೆ ಒಳಗೆ ತೂರಿಸಿ
ಮೀಟರು ನೋಡಿ ಬೆನ್ನು ತಟ್ಟಿದ.
‘ಕೈ ಇನ್ನೂ ಪಳಗಿದೆ, ಮೊಯ್ದುಕ್ಕಾ!’
ಪಡೆದವನ ಮೇಲೆ ಆಣೆ ಇಟ್ಟೆ.
ಅವನು ಇನ್ನಷ್ಟು ನಕ್ಕ.

ರಾತ್ರಿ ಶಟರ್ ಎಳೆದು, ಒಳಗೆ ಕೂತು,
ಅವರ ಕೊನೆಯ ಸಾಲಿನ ಕೆಳಗೆ
ತಾರೀಕು ಬರೆದೆ. ಪೆಟ್ರೋಲು: ಇಲ್ಲ.
ಕಿಲೋಮೀಟರು: ೧೮೬೦೮.
ಕೊನೆಯ ಎಂಟು
ಸ್ವಲ್ಪ ಸೊಟ್ಟಗಾಯಿತು.