ಅರ್ಧ ನಿಮಿಷ

ಹನ್ನೊಂದು ವರ್ಷ ಫುಟ್‌ಬೋರ್ಡಿನಲ್ಲಿ ನಿಂತು ಕೂಗಿದ್ದೇನೆ:
ಹಂಪನಕಟ್ಟೆ, ಜ್ಯೋತಿ, ಕಂಕನಾಡಿ, ವೆಲೆನ್ಸಿಯಾ, ಗೋಳಿಮರ.
ಗೋಳಿಮರದಲ್ಲಿ ಮರ ಇಲ್ಲ. ರಸ್ತೆ ಅಗಲ ಮಾಡುವಾಗ ಕಡಿದರು,
ಹೆಸರು ಮಾತ್ರ ನನ್ನ ಬಾಯಲ್ಲಿ ಉಳಿಯಿತು.
ಅಲ್ಲಿ ಇಳಿಯುವವರು ಯಾರು, ಎಲ್ಲಿಗೆ ಹೋಗುತ್ತಾರೆ,
ನನಗೆಂತಕ್ಕೆ?
ಪೋಯಿ ಪೋಯಿ ಅಂದರೆ ಮುಗಿಯಿತು.

ನಂಬರು ಸಿಕ್ಕಿದ್ದು ಸ್ಟೇಟ್‌ಬ್ಯಾಂಕಿನ ಮೂತ್ರಿಯ ಗೋಡೆಯಲ್ಲಿ,
ಬೋರ್‌ವೆಲ್ ಮತ್ತು ಮೂಲವ್ಯಾಧಿಯ ನಡುವೆ.
ಕುಡಿತ ನಿಮಗೊಂದು ಸಮಸ್ಯೆಯೇ?
ನನಗಲ್ಲ, ಅಂದುಕೊಂಡೆ. ಸಮಸ್ಯೆ ಸುಜಯಳಿಗೆ.
ಆದರೂ ಟಿಕೆಟಿನ ಹಿಂದೆ ಬರೆದುಕೊಂಡೆ,
ಚಿಲ್ಲರೆ ಬಾಕಿ ಬರೆದುಕೊಡುವ ಹಾಗೆ.
ಖಾಕಿಯ ಕಿಸೆಯಲ್ಲೇ ಎರಡು ಸಲ ಅದು ಒಗೆತ ಕಂಡಿತು.
ಕೊನೆಯ ಅಂಕಿ ಮೂರೋ ಎಂಟೋ ತಿಳಿಯದೆ ಮೂರು ಒತ್ತಿದರೆ
ಎತ್ತಿದ್ದು ಕುಲಶೇಖರದ ಒಬ್ಬಳು ಟೈಲರ್.
ರಾಂಗ್ ನಂಬರ್, ಅಂದಳು. ಅಬ್ಬ, ಅನಿಸಿತು.
ಆ ಸಂತೋಷಕ್ಕೆ ಒಂದು ಕ್ವಾರ್ಟರ್.

ಎಂಟು ಒತ್ತಿದ್ದು ನಾಲ್ಕು ತಿಂಗಳು ಕಳೆದು,
ಕಲೆಕ್ಷನ್ ಎಣಿಸುವಾಗ ಬೆರಳು ನಡುಗಿ
ನಾಣ್ಯ ಎಲ್ಲ ಮಾಲಕರ ಮೇಜಿನಿಂದ ಉರುಳಿದ ರಾತ್ರಿ.
ಆಚೆಯ ದನಿ ಬುದ್ಧಿ ಹೇಳಲಿಲ್ಲ. ಊಟ ಆಯಿತಾ, ಕೇಳಿತು.
ಗುರುವಾರ ಏಳಕ್ಕೆ ಬನ್ನಿ. ಗೋಳಿಮರದಲ್ಲಿ ಇಳಿಯಿರಿ,
ಗೊತ್ತುಂಟಾ ಸ್ಟಾಪು?

ನನಗೆ!

ಇಗರ್ಜಿಯ ಹಿಂದೆ ಮಕ್ಕಳ ಧರ್ಮಪಾಠದ ಕೋಣೆ.
ಕುರ್ಚಿಗಳೂ ಮಕ್ಕಳವೇ, ಕೂತರೆ ಮೊಣಕಾಲು ಗಲ್ಲಕ್ಕೆ.
ಗೋಡೆಯಲ್ಲಿ ಬಣ್ಣದ ಪೆನ್ಸಿಲಿನ ನೋಹನ ನಾವೆ,
ಜಿರಾಫೆಯ ಕುತ್ತಿಗೆ ಹಿಡಿಸದೆ ಹಾಳೆಯಿಂದಲೇ ಹೊರಗೆ.
ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಡಬೇಕು ಸರ್‌ನೇಮನ್ನೂ.
ಶೆಟ್ಟಿಯೋ ಪಿಂಟೋವೋ ಪೂಜಾರಿಯೋ,
ಈ ಊರಲ್ಲಿ ಮೊದಲು ಕೇಳುವುದೇ ಅದನ್ನು;
ಅದಿಲ್ಲದೆ ಕೂತರೆ ಅಂಗಿ ಇಲ್ಲದ ಹಾಗೆ, ಮೈಗೆ ಗಾಳಿ.
ಬೊನಿಫಾಸ್. ಇದಿನಬ್ಬ.
ಫ್ಲಾಸ್ಕಿನಲ್ಲಿ ಇದ್ದದ್ದು ಕಾಫಿ ಅಲ್ಲ ಎಂದು
ಹಾಜರಿ ಕರೆಯುವ ದನಿಯಲ್ಲೇ ಹೇಳಿದ ಜಲಜಾಕ್ಷಿ ಟೀಚರ್.

ಮೂರು ಗುರುವಾರ ನಾನು ಬಾಯಿ ಬಿಡಲಿಲ್ಲ.
ದಿನವಿಡೀ ಕೂಗುವ ಗಂಟಲು, ಕಟ್ಟ ಚಾ ಮಾತ್ರ ಒಳಗೆ ಬಿಟ್ಟಿತು.
ನಾಲ್ಕನೆಯದಕ್ಕೆ ಹೇಳಿದೆ: ನಾನು ತ್ಯಾಂಪ.
ಅಪ್ಪ ತಾಳೆಮರ ಹತ್ತಿ ಕಳ್ಳು ಇಳಿಸುತ್ತಿದ್ದ,
ತಾನು ಒಂದು ಹನಿ ಮುಟ್ಟಿದವನಲ್ಲ.
ನಾನು ಹತ್ತಲಿಲ್ಲ. ಬಿದ್ದದ್ದು ಮಾತ್ರ.
ಮಗಳ ಜ್ವರಕ್ಕೆ ಅಜ್ಜನಿಗೆ ಹರಕೆ ಹೇಳಿ
ಚಕ್ಕುಲಿ, ಬೀಡ, ಒಂದು ಬಾಟ್ಲಿ ಹಿಡಿದು ಹೊರಟವ
ಕಟ್ಟೆ ಮುಟ್ಟುವಾಗ ಬಾಟ್ಲಿಯಲ್ಲಿ ಪಂಚಾಯತಿನ ನಳ್ಳಿ ನೀರು.
ಅದನ್ನೇ ಇಟ್ಟು ಕೈಮುಗಿದೆ.

ಫ್ಯಾನಿನ ಶಬ್ದ ಮಾತ್ರ.
ಮತ್ತೆ ಇದಿನಬ್ಬ ಫಕ್ಕನೆ ನಕ್ಕ,
ಬೊನಿಫಾಸ್ ನಕ್ಕು ನಕ್ಕು ಕಣ್ಣೊರಸಿಕೊಂಡ,
ನನ್ನದೂ ಒಂದು ನಗು ಎಲ್ಲಿಂದಲೋ ಬಂತು, ಕೆಮ್ಮಿನ ಹಾಗೆ.
ಜ್ವರ ಬಿಟ್ಟಿತಾ ಮಗುವಿಗೆ? ಕೇಳಿದರು ಟೀಚರ್.
ಬಿಟ್ಟಿತು.
ಅಜ್ಜ ದೊಡ್ಡವರು, ಅಂದರು.

ಇಲ್ಲಿ ತಿಂಗಳ ಪಾಸಿಲ್ಲ, ದಿನಕ್ಕೊಂದು ಟಿಕೆಟು,
ಇವತ್ತಿನದು ನಾಳೆಗೆ ನಡೆಯುವುದಿಲ್ಲ.
ಈ ಲೆಕ್ಕ ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಆದರೂ ನಡುವೆ ಎರಡು ಸಲ ಕಳೆದುಕೊಂಡೆ. ಮತ್ತೆ ಹತ್ತಿದೆ.
ಸುಜಯ ಈಗಲೂ ಬಾಗಿಲು ತೆರೆದು ಮೊದಲು ಮೂಸುತ್ತಾಳೆ.
ಮೂಸಲಿ. ಚಿಲ್ಲರೆ ಬಹಳ ಬಾಕಿ ಉಂಟು ಆ ಮನೆಗೆ.

ಕೆಲವು ದಿನ ಇದಿನಬ್ಬ ನನ್ನ ಬಸ್ಸಿಗೇ ಹತ್ತುತ್ತಾನೆ.
ಪರಿಚಯ ಇಲ್ಲದವರು ನಾವು.
ಅವನು ಸರಿಯಾದ ಚಿಲ್ಲರೆ ಕೊಡುತ್ತಾನೆ, ನಾನು ಟಿಕೆಟು.

ನಿನ್ನೆ ಗುರುವಾರ, ನನಗೆ ಡ್ಯೂಟಿ. ಏಳಕ್ಕೆ ಐದು ನಿಮಿಷ.
ಗೋಳಿಮರ ಎಂದು ಕೂಗಿದರೆ ಒಬ್ಬ ಹುಡುಗ ಎದ್ದ,
ಇಸ್ತ್ರಿಯ ಅಂಗಿ, ಬಾಯಿ ತುಂಬ ಏಲಕ್ಕಿ.
ಆ ಏಲಕ್ಕಿ ನನಗೆ ಗೊತ್ತು.
ಕಂಬ ಹಿಡಿದು ನಿಂತ, ಒಂದು ಕಾಲು ಮೆಟ್ಟಿಲಿಗೆ, ಒಂದು ಒಳಗೆ.
ಹಿಂದಿನ ಬಸ್ಸಿನ ಹಾರ್ನು.
ಕನ್ನಡಿಯಲ್ಲಿ ಡ್ರೈವರ್ ಕಣ್ಣು ದೊಡ್ಡದು ಮಾಡಿದ.
ಮುಂದೆ ಟೈಮ್‌ಕೀಪರ್ ಪುಸ್ತಕ ತೆರೆದು ಕೂತಿರುತ್ತಾನೆ,
ನಿಮಿಷಕ್ಕಿಷ್ಟು ಎಂದು ದಂಡ.
ಪೋಯಿ ಅನ್ನಬೇಕು.
ವಿಸಿಲು ಹಲ್ಲಿನಲ್ಲಿ ಕಚ್ಚಿಕೊಂಡು
ಊದದೆ ನಿಂತೆ.