ಹೊರಗಿನ ಸದಸ್ಯೆ

ಮೂವತ್ತೊಂದು ವರ್ಷ ನನ್ನ ಕೆಲಸ ಇಷ್ಟೇ:
ಮಿಡಲ್ಸ್‌ಬರೋದಿಂದ ವಿಟ್ಬಿಗೆ ಹೋಗುವ ಬಸ್ಸನ್ನು
ನಡುದಾರಿಯಲ್ಲಿ ಹತ್ತಿ, ಟಿಕೆಟ್, ಅನ್ನುವುದು.
ಪಾದ್ರಿಗೂ ಟಿಕೆಟ್. ಡ್ರೈವರನ ಭಾವಮೈದನಿಗೂ ಟಿಕೆಟ್.
ಕಳ್ಳನಿದ್ದೆಯವರ ರೆಪ್ಪೆ ಅದುರುತ್ತದೆ;
ನಿಜವಾಗಿ ಮಲಗಿದವರ ಬಾಯಿ ತೆರೆದಿರುತ್ತದೆ.
ಇಷ್ಟು ವಿದ್ಯೆಗೆ ಮೆಚ್ಚಿ ಈಗ
ಥೇಮ್ಸ್ ದಂಡೆಯ ಪಾರ್ಲಿಮೆಂಟಿನಲ್ಲಿ ಕುರ್ಚಿ ಕೊಟ್ಟಿದ್ದಾರೆ.
ಸಂಸದರ ನಡತೆ ನೋಡುವ ಸಮಿತಿಗೆ
ಸಂಸದಳಲ್ಲದ ಸದಸ್ಯೆ, ಮ್ಯೂರಿಯೆಲ್ ಹೆಬ್ಡನ್.
ಕೊರಳಲ್ಲಿ ಬಿಲ್ಲೆ. ಬಿಲ್ಲೆಯ ಫೋಟೋದಲ್ಲಿ ನಾನೇ
ಟಿಕೆಟಿಲ್ಲದೆ ಸಿಕ್ಕಿಬಿದ್ದವಳ ಹಾಗಿದ್ದೇನೆ.

ಇವತ್ತಿನ ಕಡತ ನಮ್ಮ ಕಡೆಯವನದೇ:
ಡೆಸ್ಮಂಡ್ ರಾಲಿನ್ಸನ್. ನೀರಿನ ಕಂಪನಿಗಳನ್ನು
ಕೂರಿಸಿ ಕೇಳುವ ಸಮಿತಿಯಲ್ಲಿದ್ದವನು.
ಆವತ್ತು ಟೀವಿಯಲ್ಲಿ ನೋಡಿದ್ದೆ:
ನಮ್ಮ ಕಡಲಿಗೆ ಕಕ್ಕಸಿನ ನೀರು ಬಿಟ್ಟ ಕಂಪನಿಯ ದೊರೆಯನ್ನು
ಹನ್ನೊಂದು ಪ್ರಶ್ನೆಯಲ್ಲಿ ಹಿಂಡಿ ಒಣಹಾಕಿದ.
ದೊರೆ ನೀರು ಕುಡಿದ, ತಡವರಿಸಿದ, ಹಣೆ ಒರೆಸಿಕೊಂಡ.
ಅಡುಗೆಮನೆಯಲ್ಲಿ ಒಬ್ಬಳೇ ನಿಂತು
ಸೌಟು ಹಿಡಿದ ಕೈಯಲ್ಲೇ ಚಪ್ಪಾಳೆ ತಟ್ಟಿದ್ದೆ.

ಕಡತದ ನಲವತ್ತನೇ ಪುಟ:
ಹಿಂದಿನ ರಾತ್ರಿ ಒಂಬತ್ತೂವರೆಗೆ
ಆ ಹನ್ನೊಂದೂ ಪ್ರಶ್ನೆ ದೊರೆಯ ಕಚೇರಿಗೆ ಹೋಗಿವೆ.
ಏಳನೆಯದರ ಪಕ್ಕ ಒಂದು ಟಿಪ್ಪಣಿ:
'ಇಲ್ಲಿ ಸ್ವಲ್ಪ ತಡವರಿಸಿ.'

ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದೆ.

ಇದಕ್ಕೂ ಮೊದಲು ಗುಮಾಸ್ತೆ ಇಫೆಯೋಮಾ
ನನ್ನ ಮುಂದೊಂದು ನಮೂನೆ ಇಟ್ಟಿದ್ದಳು.
ಆಪಾದಿತನಿಗೂ ನಿಮಗೂ ಸಂಬಂಧ?
ಷೇರು, ಸಾಲ, ಜಮೀನು, ನೆಂಟಸ್ತಿಕೆ, ಊಟ, ಉಡುಗೊರೆ?
ಇಲ್ಲ, ಇಲ್ಲ, ಇಲ್ಲ, ಬರೆಯುತ್ತ ಹೋದೆ.
ಮೂರು ಚುನಾವಣೆ ಅವನಿಗೇ ವೋಟು ಹಾಕಿದ್ದೆ;
ಗುಟ್ಟಿನ ಮತ, ಅದಕ್ಕೆ ಕಲಂ ಇಲ್ಲ.
ನನ್ನ ತಂಗಿಯ ಮಣ್ಣಿಗೆ ಬಂದು, ಹಿಂದಿನ ಸಾಲಲ್ಲಿ,
ಫೋಟೋದವರಿಲ್ಲದೆ, ತೊಯ್ದ ಕೋಟಿನಲ್ಲಿ ಕೂತಿದ್ದ;
ದಾಕ್ಷಿಣ್ಯಕ್ಕೂ ಕಲಂ ಇಲ್ಲ.
ಅಂಚಿನ ಖಾಲಿ ಜಾಗದಲ್ಲಿ ಎರಡನ್ನೂ ಬರೆದೆ.
'ಇದನ್ನೇನು ಮಾಡಲಿ?' ಅಂದಳು ಇಫೆಯೋಮಾ.
'ಫೈಲಿನಲ್ಲಿಡು. ನನ್ನ ಬಸ್ಸನ್ನೂ ಯಾರಾದರೂ ಹತ್ತಲಿ.'
ಅಧ್ಯಕ್ಷರು ಓದಿದರು. ಕೂತಿರಿ, ಅಂದರು.

ಮಧ್ಯಾಹ್ನವೆಲ್ಲ ಒಂದೇ ಜಗಳ: ಒಂಬತ್ತು ದಿನವೋ, ಹತ್ತೋ.
ಒಂಬತ್ತು ದಿನ ಅಮಾನತಾದರೆ
ಮನೆಗೆ ಹೋಗಿ ಗುಲಾಬಿಗೆ ನೀರು ಹಾಕಿ ಬರುತ್ತಾನೆ.
ಹತ್ತಾದರೆ, ಊರವರು ಸಹಿ ಕೂಡಿಸಿ ಸೀಟೇ ಕಿತ್ತುಕೊಳ್ಳಬಹುದು.
ಬಿಸ್ಕತ್ತು ಬಂತು. ಒಬ್ಬರು ಅವನ ಸೇವೆಯ ಲೆಕ್ಕ ಹೇಳಿದರು.
ಎಲ್ಲರೂ ಮಾಡುವುದೇ, ಅಂದ ಇನ್ನೊಬ್ಬರು
ನನ್ನ ಕಡೆ ನೋಡಿ ಕೆಮ್ಮಿದರು.
ಹತ್ತು, ಅಂದೆ.
ದನಿ ನನ್ನದೇ; ಟಿಕೆಟ್ ಅನ್ನುತ್ತಿದ್ದ ದನಿ.

ಲಿಫ್ಟಿನಲ್ಲಿ ಅವನೇ ಇದ್ದ. ಇನ್ನೂ ಗೊತ್ತಿಲ್ಲ ಅವನಿಗೆ.
ಬಾಗಿಲು ಮುಚ್ಚದಂತೆ ಕೈ ಅಡ್ಡ ಹಿಡಿದ, ಹಳೆಯ ಅಭ್ಯಾಸ.
'ಯಾವ ಮಹಡಿ, ಮ್ಯೂರಿಯೆಲ್?'
'ಕೆಳಗೆ.'
'ನಾನೂ ಅಲ್ಲಿಗೇ,' ಅಂದ.
ನಂಬರು ಇಳಿಯುವುದನ್ನು ನೋಡುತ್ತ ನಿಂತೆವು ಇಬ್ಬರೂ.
ಅವನ ರೆಪ್ಪೆ ಅದುರುತ್ತಿರಲಿಲ್ಲ.